ಮಗುವಿನ ತಟ್ಟೆಗೂ ತುಟ್ಟಿಭತ್ಯೆ ಬೇಕು: ಕೇಂದ್ರ ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರಗಳು.

ತಾವು 2016ರಿಂದ ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುತ್ತಿರುವುದರಿಂದ ಈ ಪತ್ರವನ್ನು ಕನ್ನಡದಲ್ಲೇ ಬರೆಯುವ ಸಲುಗೆ ತೆಗೆದುಕೊಂಡಿದ್ದೇನೆ. ಹೇಳಬೇಕಾದ ವಿಷಯ ಒಂದೇ. ಬೆಲೆ ಏರಿದಾಗ ಸರ್ಕಾರ ಕೊಡುವ ಕೆಲವು ಮೊತ್ತಗಳು ತಾವಾಗಿಯೇ ಏರುತ್ತವೆ, ಇನ್ನು ಕೆಲವು ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ. ಎರಡನೆಯ ಗುಂಪಿನಲ್ಲಿ ಇರುವವರು ಅಂಗನವಾಡಿಯ ಮಕ್ಕಳು, ಬಸುರಿಯರು ಮತ್ತು ಬಡ ವೃದ್ಧರು.

1991ರ ನಂತರ ನಮ್ಮ ಅರ್ಥವ್ಯವಸ್ಥೆ ವರ್ಷಕ್ಕೆ ಸರಾಸರಿ ಶೇ 6ರ ಆಸುಪಾಸಿನಲ್ಲಿ ಬೆಳೆದಿದೆ. ಅದರ ಫಲ ಜನಜೀವನಕ್ಕೆ ತಲುಪಿಯೇ ಇಲ್ಲ ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. 2013ರಲ್ಲಿ ಸಾವಿರ ಜನನಕ್ಕೆ 40 ಇದ್ದ ಶಿಶುಮರಣ 2023ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ 25ಕ್ಕೆ ಇಳಿದಿರುವುದು ಸಣ್ಣ ಸಾಧನೆಯಲ್ಲ. ಆದರೆ ಅದೇ ವರ್ಷ ಕೇರಳದಲ್ಲಿ ಅದು 5, ಮಧ್ಯಪ್ರದೇಶದಲ್ಲಿ 37. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ಪೈಕಿ ಭಾರತದ್ದು 130ನೇ ಸ್ಥಾನ, ಅದೂ ಬಾಂಗ್ಲಾದೇಶದ ಜೊತೆ ಹಂಚಿಕೊಂಡದ್ದು. ಆರ್ಥಿಕ ದಿವಾಳಿಯನ್ನೇ ಕಂಡ ಶ್ರೀಲಂಕಾ ನಮಗಿಂತ ಬಹಳ ಮೇಲಿದೆ. ಮಕ್ಕಳ ಮೈಕಟ್ಟಿನ ಲೆಕ್ಕಕ್ಕೆ ಬಂದರಂತೂ ಬೆಳವಣಿಗೆಯ ವೇಗ ಕುಂಟುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 38.4 ಇದ್ದರೆ 2019-21ರಲ್ಲಿ ಶೇ 35.5 ಇದ್ದರು, ರಕ್ತಹೀನತೆಯ ಮಕ್ಕಳ ಪ್ರಮಾಣ ಇಳಿಯುವ ಬದಲು ಶೇ 58.6ರಿಂದ 67.1ಕ್ಕೆ ಏರಿತು. ಐಟಿ ರಫ್ತಿನ ಹೆಮ್ಮೆಯ ಕರ್ನಾಟಕದ್ದೂ ಬೇರೆ ಕಥೆಯಲ್ಲ. ಇಲ್ಲಿ ಎತ್ತರ ಕುಂಠಿತವಾದ ಮಕ್ಕಳು ಶೇ 35.4, ಎಂದರೆ ಹೆಚ್ಚುಕಡಿಮೆ ದೇಶದ ಸರಾಸರಿಯೇ.

ಈ ಅಂಕಿಗಳಿಗೆ ನೀರು, ಶೌಚ, ತಾಯಂದಿರ ಆರೋಗ್ಯ, ಬಾಲ್ಯವಿವಾಹ ಹೀಗೆ ಕಾರಣಗಳು ಹಲವು. ಅವೆಲ್ಲವನ್ನೂ ಒಂದು ಪತ್ರದಲ್ಲಿ ತಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ತಮ್ಮ ಸಚಿವಾಲಯದ ಕೈಯಲ್ಲೇ ಇರುವ ಒಂದು ಕಾರಣವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

2017ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರಕ್ಕೆ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ, ಗರ್ಭಿಣಿ ಮತ್ತು ಬಾಣಂತಿಯರಿಗೆ 9 ರೂಪಾಯಿ 50 ಪೈಸೆ ಎಂದು ದರ ನಿಗದಿ ಮಾಡಿತು. ಬಹುತೇಕ ರಾಜ್ಯಗಳಲ್ಲಿ ಇದರ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಅಂದರೆ ದೆಹಲಿಯಿಂದ ಒಂದು ಮಗುವಿಗೆ ಬರುವುದು ದಿನಕ್ಕೆ 4 ರೂಪಾಯಿ. ಎರಡೂ ಪಾಲು ಸೇರಿದ 8 ರೂಪಾಯಿಯ ಬಹುಪಾಲು ಒಂದು ಮೊಟ್ಟೆಗೇ ಹೋಗುವಾಗ ಉಳಿದ ಚಿಲ್ಲರೆಯಲ್ಲಿ ಬೇಳೆ, ಎಣ್ಣೆ, ಬೆಲ್ಲ, ತರಕಾರಿ ಎಲ್ಲವೂ ಬರಬೇಕು. ಬರುವುದಿಲ್ಲ. ಆದ್ದರಿಂದ ಸಾರು ತೆಳ್ಳಗಾಗುತ್ತದೆ, ತರಕಾರಿ ಎಂಬುದು ಎರಡು ಟೊಮೆಟೊಗೆ ನಿಲ್ಲುತ್ತದೆ, ಮುಂಗಡ ಬಾರದ ತಿಂಗಳಲ್ಲಿ ಕಾರ್ಯಕರ್ತೆ ಅಂಗಡಿಯಲ್ಲಿ ತನ್ನ ಹೆಸರಿಗೆ ಸಾಲ ಬರೆಸಿ ಮೊಟ್ಟೆ ತರುತ್ತಾಳೆ. ಆಕೆಗೆ ಕೇಂದ್ರ ನಿಗದಿಪಡಿಸಿದ ಗೌರವಧನ 2018ರ ಅಕ್ಟೋಬರಿನಿಂದ ತಿಂಗಳಿಗೆ 4,500 ರೂಪಾಯಿ.

2025ರ ಫೆಬ್ರುವರಿಯ ಬಜೆಟ್ ಭಾಷಣದಲ್ಲಿ ಈ ದರವನ್ನು ಸೂಕ್ತವಾಗಿ ಹೆಚ್ಚಿಸುವುದಾಗಿ ತಾವೇ ಪ್ರಕಟಿಸಿದಿರಿ. ಸ್ವಾಗತ. ಆದರೆ ಆ ಹೊತ್ತಿಗೆ ಹಳೆಯ ದರಕ್ಕೆ ಏಳು ವರ್ಷ ತುಂಬಿತ್ತು. ಹಣದುಬ್ಬರವನ್ನು ವರ್ಷಕ್ಕೆ ಶೇ 5 ಎಂದಷ್ಟೇ ಹಿಡಿದರೂ 8 ರೂಪಾಯಿ 11 ದಾಟಿರಬೇಕಿತ್ತು. ಒಮ್ಮೆ ಹೆಚ್ಚಿಸಿ ಮತ್ತೆ ಏಳೆಂಟು ವರ್ಷ ಮರೆತರೆ, ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ಮಕ್ಕಳು ಅಂಗನವಾಡಿ ದಾಟಿ ಶಾಲೆಗೆ ಹೋಗಿರುತ್ತಾರೆ. ಮೊದಲ ಎರಡು ವರ್ಷಗಳಲ್ಲಿ ಕುಂಠಿತವಾದ ಎತ್ತರವನ್ನು ಆಮೇಲಿನ ಊಟ ಪೂರ್ತಿಯಾಗಿ ತುಂಬಿಕೊಡುವುದಿಲ್ಲ.

ವೃದ್ಧಾಪ್ಯ ವೇತನದ ಸ್ಥಿತಿ ಇದಕ್ಕಿಂತ ಕಡೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, ಅದು 2007ರಿಂದ ಕದಲಿಲ್ಲ. ಶೇ 5ರ ಲೆಕ್ಕದಲ್ಲೇ ಅದು 2025ಕ್ಕೆ ಸುಮಾರು 480 ರೂಪಾಯಿ ಆಗಬೇಕಿತ್ತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವಲ್ಲ ಎಂಬ ಸಮಜಾಯಿಷಿ ನನಗೆ ಗೊತ್ತು. ಸೇರಿಸುತ್ತವೆ, ನಿಜ, ಆದರೆ ಬಡ ರಾಜ್ಯದ ಮುದುಕರಿಗೇ ಕಡಿಮೆ ಸಿಗುವುದು ಇದೇ ಕಾರಣಕ್ಕೆ. ಬಿಹಾರ 2025ರವರೆಗೂ ಒಟ್ಟು 400 ರೂಪಾಯಿ ಕೊಡುತ್ತಿತ್ತು, ವಿಧಾನಸಭಾ ಚುನಾವಣೆಯ ವರ್ಷದಲ್ಲಿ ಅದನ್ನು 1,100ಕ್ಕೆ ಏರಿಸಿತು. ಮೊತ್ತವನ್ನು ಬೆಲೆ ಸೂಚ್ಯಂಕಕ್ಕೆ, ಅಂದರೆ ಬೆಲೆ ಏರಿಕೆಯ ಅಳತೆಗೆ, ಕಟ್ಟದ ಕಡೆ ಚುನಾವಣೆಯೇ ಸೂಚ್ಯಂಕ!

ಬೆಲೆಗೆ ತಕ್ಕಂತೆ ಮೊತ್ತ ಏರಿಸುವುದು ಸರ್ಕಾರಕ್ಕೆ ಬಾರದ ವಿದ್ಯೆಯೇನಲ್ಲ. ಏಳನೇ ವೇತನ ಆಯೋಗದ ಶ್ರೇಣಿ ಜಾರಿಯಾದ 2016ರ ಜನವರಿಯಲ್ಲಿ ಸೊನ್ನೆಯಿದ್ದ ಕೇಂದ್ರ ನೌಕರರ ತುಟ್ಟಿಭತ್ಯೆ 2025ರ ಜುಲೈಗೆ ಮೂಲವೇತನದ ಶೇ 58 ಮುಟ್ಟಿತು. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ದುಡಿದವರಿಗೆ ಅದು ಸಲ್ಲಬೇಕಾದದ್ದೇ. ಸಂಸದರ ವೇತನವನ್ನು ಐದು ವರ್ಷಕ್ಕೊಮ್ಮೆ ಹಣದುಬ್ಬರಕ್ಕೆ ಅನುಗುಣವಾಗಿ ಪರಿಷ್ಕರಿಸುವ ಏರ್ಪಾಡು ಬಂದದ್ದು 2018ರ ಹಣಕಾಸು ಕಾಯ್ದೆಯ ಮೂಲಕ. ಅದರಂತೆ 2025ರ ಮಾರ್ಚಿನಲ್ಲಿ ಅವರ ತಿಂಗಳ ವೇತನ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ. ಯಾವ ಧರಣಿಯೂ ಬೇಕಾಗಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಶಾಲೆಯ ಬಿಸಿಯೂಟದ್ದು. ಕಾರ್ಮಿಕ ಬ್ಯೂರೊ ಗ್ರಾಮೀಣ ಕಾರ್ಮಿಕರ ಬೆಲೆ ಸೂಚ್ಯಂಕದ ಆಧಾರದ ಮೇಲೆ ಬಿಸಿಯೂಟದ ಸಾಮಗ್ರಿಗಳ ದರ ಏರಿಕೆಯನ್ನು ಲೆಕ್ಕ ಹಾಕಿಕೊಡುತ್ತದೆ; 2025ರ ಮೇ 1ರಿಂದ ಪ್ರಾಥಮಿಕ ಶಾಲೆಯ ಮಗುವಿನ ದಿನದ ಸಾಮಗ್ರಿ ವೆಚ್ಚ 6 ರೂಪಾಯಿ 19 ಪೈಸೆಯಿಂದ 6 ರೂಪಾಯಿ 78 ಪೈಸೆಗೆ ಏರಿದ್ದು ಹೀಗೆ. ಮೊತ್ತ ಸಾಲದು ಎಂಬ ತಕರಾರು ಇದ್ದೇ ಇದೆ, ಆದರೆ ಏರಿಸುವ ದಾರಿಯಾದರೂ ಇದೆ. ಒಂದೇ ಮನೆಯ ಅಕ್ಕ ಶಾಲೆಯಲ್ಲಿ ತಿನ್ನುವ ಬೇಳೆಯ ಬೆಲೆಯನ್ನು ಬ್ಯೂರೊ ಅಳೆಯುತ್ತದೆ, ಆಕೆಯ ಪುಟ್ಟ ತಮ್ಮ ಅಂಗನವಾಡಿಯಲ್ಲಿ ತಿನ್ನುವ ಅದೇ ಬೇಳೆಗೆ ಆ ಅಳತೆ ಅನ್ವಯಿಸುವುದಿಲ್ಲ ಎಂಬುದಕ್ಕೆ ಇಬ್ಬರೂ ಬೇರೆ ಬೇರೆ ಸಚಿವಾಲಯಕ್ಕೆ ಸೇರಿದವರು ಎಂಬುದರ ಹೊರತು ನನಗೆ ಬೇರೆ ಕಾರಣ ಕಾಣುತ್ತಿಲ್ಲ.

ದುಡ್ಡೆಲ್ಲಿದೆ ಎಂಬ ಪ್ರಶ್ನೆಗೆ ತಮ್ಮದೇ ಬಜೆಟ್ ಪುಸ್ತಕದಲ್ಲಿ ಉತ್ತರವಿದೆ. 2025-26ರಲ್ಲಿ 50.65 ಲಕ್ಷ ಕೋಟಿ ರೂಪಾಯಿಯ ಒಟ್ಟು ವೆಚ್ಚದಲ್ಲಿ ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರೂ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಇಟ್ಟದ್ದು 9,652 ಕೋಟಿ, ಶೇ 0.2ಕ್ಕಿಂತ ಕಡಿಮೆ. ಅದನ್ನು ಎರಡೂವರೆ ಪಟ್ಟು ಮಾಡಿದರೂ ಶೇ 0.5 ಮುಟ್ಟುವುದಿಲ್ಲ. ಅದೇ ಬಜೆಟ್‌ನಲ್ಲಿ ಆದಾಯ ತೆರಿಗೆ ರಿಯಾಯಿತಿಗಾಗಿ ಸುಮಾರು 1 ಲಕ್ಷ ಕೋಟಿ ರೂಪಾಯಿ ವರಮಾನವನ್ನು ಬಿಟ್ಟುಕೊಡುತ್ತಿರುವುದಾಗಿ ತಾವು ಹೇಳಿದ್ದಿರಿ.

ಇದರ ಜೊತೆಗೆ ಜನಗಣತಿಯ ಮಾತೂ ಇದೆ. ಆಹಾರ ಭದ್ರತಾ ಕಾಯ್ದೆಯಡಿ ಪಡಿತರ ಪಡೆಯುವವರ ಸಂಖ್ಯೆಗೆ ಇರುವ 81.35 ಕೋಟಿ ಎಂಬ ಮಿತಿ 2011ರ ಗಣತಿಯ ಆಧಾರದ್ದು. ಆಮೇಲೆ ಹುಟ್ಟಿದ ಮಕ್ಕಳಿಗೆ ಮೀಸೆ ಮೂಡುತ್ತಿದ್ದರೂ ಆ ಮಿತಿ ಬೆಳೆದಿಲ್ಲ. 2027ರ ಮಾರ್ಚ್ 1ರ ಗಣತಿಯ ಅಂಕಿ ಬಂದೊಡನೆ ಇದನ್ನು ಪರಿಷ್ಕರಿಸಲು ಹಣ ತೆಗೆದಿರಿಸಬೇಕು.

ನನ್ನ ಕೋರಿಕೆ ಇಷ್ಟು. ಮುಂದಿನ ಹಣಕಾಸು ಮಸೂದೆಯಲ್ಲಿ, 2018ರಲ್ಲಿ ಸಂಸದರ ವೇತನಕ್ಕಾಗಿ ಸೇರಿಸಿದಂಥದೇ ಒಂದು ಕಲಮನ್ನು ಸೇರಿಸಿ, ಅಂಗನವಾಡಿ ಆಹಾರದ ದರ, ಕಾರ್ಯಕರ್ತೆ ಮತ್ತು ಸಹಾಯಕಿಯರ ಗೌರವಧನ, ಸಾಮಾಜಿಕ ನೆರವಿನ ಪಿಂಚಣಿ ಈ ಮೂರೂ ಪ್ರತಿವರ್ಷ ಏಪ್ರಿಲ್ 1ರಂದು ಗ್ರಾಮೀಣ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುವಂತೆ ಮಾಡಬೇಕು. ಅದಕ್ಕೂ ಮೊದಲು ಹಿಂದಿನ ವರ್ಷಗಳ ಕೊರತೆಯನ್ನು ಒಮ್ಮೆ ತುಂಬಿಕೊಡಬೇಕು. ಇದು ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಸದನದಲ್ಲಿ ದಾಖಲಿಸಬೇಕೆಂದು ವಿನಂತಿಸುತ್ತೇನೆ. ಈ ಪತ್ರದ ಪ್ರತಿಯನ್ನು ಕರ್ನಾಟಕದ ಎಲ್ಲ ಲೋಕಸಭಾ ಮತ್ತು ರಾಜ್ಯಸಭಾ ಸದಸ್ಯರಿಗೂ ಕಳುಹಿಸುತ್ತಿದ್ದೇನೆ.

ಇಂತಿ,
ಕರ್ನಾಟಕದ ಒಬ್ಬ ನಾಗರಿಕ