ನ್ಯೆನ್ ಅಷ್ಟು ಹಳೆಯ ಪ್ರಾಣಿಯಲ್ಲ

ಸಂಪಾದಕರೇ,

2026ರ ಚೀನೀ ಹೊಸವರ್ಷ ಫೆಬ್ರವರಿ 17ಕ್ಕೆ ಬಂತು. ಆ ಹೊತ್ತಿಗೆ ನಿಮ್ಮ ಮಕ್ಕಳ ಪುಟದಲ್ಲಿ ‘ನಿಯಾನ್’ ಎಂಬ ರಾಕ್ಷಸ ಪ್ರಾಣಿಯ ಕಥೆ ಬಂದಿತ್ತು. ಸಿಂಗಪುರದಲ್ಲಿ ಕೂತು ಮಗಳಿಗೆ ಓದಿ ಹೇಳಿದೆ, ಅವಳಿಗೆ ಖುಷಿಯಾಯಿತು. ಆದರೆ ಎರಡು ತಕರಾರಿದೆ. (ಉಚ್ಚಾರ ‘ನ್ಯೆನ್’ ಅಂತ, ಅದು ಹೋಗಲಿ ಬಿಡಿ.)

ಮೊದಲನೆಯದು ಚಿತ್ರ. ನೀವು ಹಾಕಿದ್ದು ಸಿಂಹ ಕುಣಿತದ ಫೋಟೊ, ಕೆಳಗೆ ಬರೆದದ್ದು ‘ನಿಯಾನ್ ಪ್ರಾಣಿ’ ಅಂತ. ಸಿಂಹದ ಬಟ್ಟೆಯೊಳಗೆ ಇಬ್ಬರು ಕುಣಿಯುತ್ತಾರೆ, ಅದು ಕೆಟ್ಟದ್ದನ್ನು ಓಡಿಸಲು ಬರುವ ಸಿಂಹ. ಓಡಿಸುವವನನ್ನೇ ಕಳ್ಳ ಅಂದ ಹಾಗಾಯಿತು ಅಲ್ವಾ?

ಎರಡನೆಯದು ದೊಡ್ಡದು. ಈ ಕಥೆ ‘ಸಾವಿರಾರು ವರ್ಷ ಹಳೆಯದು’ ಅಂತ ಬರೆದಿದ್ದೀರಿ. ವರ್ಷದ ಕೊನೆಯ ರಾತ್ರಿ ಸಮುದ್ರದಿಂದಲೋ ಬೆಟ್ಟದಿಂದಲೋ ಬಂದು ದನಕರು, ಜನರನ್ನು ತಿನ್ನುವ ಪ್ರಾಣಿ, ಅದಕ್ಕೆ ಕೆಂಪು ಬಣ್ಣ, ಬೆಂಕಿ, ಸದ್ದು ಅಂದರೆ ಭಯ, ಅದಕ್ಕೇ ಬಾಗಿಲಿಗೆ ಕೆಂಪು ಕಾಗದ, ಪಟಾಕಿ, ರಾತ್ರಿಯಿಡೀ ಜಾಗರಣೆ. ಹೇಳಿ ಮಾಡಿಸಿದ ಹಾಗಿದೆ. ಅದೇ ನನಗೆ ಅನುಮಾನ ತಂದದ್ದು. ಹುಡುಕಿದವರಿಗೆ ಹಳೆಯ ಚೀನೀ ಗ್ರಂಥಗಳಲ್ಲಿ ಈ ಪ್ರಾಣಿ ಸಿಕ್ಕಿಲ್ಲ. ಸಿಕ್ಕಿರುವುದು 1930ರ ದಶಕದ ಶಾಂಘೈ ಪತ್ರಿಕೆಗಳಲ್ಲಿ. ನಿಮ್ಮಂಥ ಪತ್ರಿಕೆಯವರದ್ದೇ ಕೈವಾಡ!

ಹಾಗಾದರೆ ಪಟಾಕಿ? ಅದು ಮಾತ್ರ ನಿಜಕ್ಕೂ ಹಳೆಯದು. 6ನೇ ಶತಮಾನದಲ್ಲಿ ಝೊಂಗ್ ಲಿನ್ ಎಂಬಾತ ಯಾಂಗ್‌ತ್ಸೆ ನದಿಯ ಮಧ್ಯಭಾಗದ ಜನರ ಹಬ್ಬಹರಿದಿನಗಳ ಬಗ್ಗೆ ಒಂದು ಪುಸ್ತಕ ಬರೆದ. ಹೊಸವರ್ಷದ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಅಂಗಳದಲ್ಲಿ ಬಿದಿರು ಸಿಡಿಸುತ್ತಾರೆ ಅಂತ ಅದರಲ್ಲಿದೆ. ಆಗ ಮದ್ದಿನ ಪಟಾಕಿ ಎಲ್ಲಿತ್ತು? ಹಸಿ ಬಿದಿರನ್ನು ಬೆಂಕಿಗೆ ಹಾಕಿದರೆ ಗೆಣ್ಣಿನ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಢಂ ಅನ್ನುತ್ತದೆ, ಅಷ್ಟೇ. ಇವತ್ತಿಗೂ ಪಟಾಕಿಗೆ ಚೀನೀ ಭಾಷೆಯಲ್ಲಿ ‘ಬಾವ್‌ಝೂ’, ಅಂದರೆ ಸಿಡಿಯುವ ಬಿದಿರು, ಅನ್ನುತ್ತಾರೆ. ಆ ಸದ್ದು ಯಾರನ್ನು ಓಡಿಸಲು ಗೊತ್ತೇ? ನ್ಯೆನ್‌ನನ್ನಲ್ಲ. ಬೆಟ್ಟದಲ್ಲಿರುವ, ಒಂದಡಿಗಿಂತ ಸ್ವಲ್ಪ ಎತ್ತರದ, ಒಂಟಿಕಾಲಿನ ಒಂದು ಪುಟ್ಟ ಗುಮ್ಮನನ್ನು. ತಂಟೆಗೆ ಹೋದವರಿಗೆ ಅದು ಚಳಿಜ್ವರ ಬರಿಸುತ್ತಿತ್ತಂತೆ. ಮಗಳಿಗೆ ಈ ಒಂಟಿಕಾಲಿನವನೇ ಜಾಸ್ತಿ ಇಷ್ಟವಾದ.

ಇನ್ನು ‘ನ್ಯೆನ್’ ಅಂದರೆ ಚೀನೀ ಭಾಷೆಯಲ್ಲಿ ವರ್ಷ. ಅದರ ಹಳೆಯ ಅಕ್ಷರ ತೆನೆ ಹೊತ್ತ ಮನುಷ್ಯನ ಹಾಗಿದೆ, ಬೆಳೆ ಕೈಗೆ ಬಂದರೆ ಒಂದು ವರ್ಷ ಅನ್ನುವ ಲೆಕ್ಕ. ಹಬ್ಬ ಮಾಡುವುದಕ್ಕೆ ‘ಕ್ವೋ ನ್ಯೆನ್’, ವರ್ಷ ದಾಟುವುದು, ಅನ್ನುತ್ತಾರೆ. ಅದನ್ನೇ ‘ನ್ಯೆನ್ ಪ್ರಾಣಿಯಿಂದ ಪಾರಾಗುವುದು’ ಅಂತ ಮಾಡಿಕೊಂಡದ್ದು ಕಥೆ ಕಟ್ಟಿದವರ ಜಾಣತನ.

ನಮ್ಮ ಮಹಡಿಯ ಚೀನೀ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, ಕಥೆ ಹಳೆಯದೋ ಹೊಸದೋ, ನಮ್ಮ ಬಾಗಿಲಿಗೆ ಕೆಂಪು ಕಾಗದ ಬೇಕು ಅಂದರು. ಸಿಂಗಪುರದಲ್ಲಿ 1972ರಿಂದ ಜನ ಪಟಾಕಿ ಹೊಡೆಯುವ ಹಾಗಿಲ್ಲ, ಅನಾಹುತಗಳಲ್ಲಿ ಜನ ಸತ್ತ ಮೇಲೆ ಬಂದ ನಿಷೇಧ ಅದು. ಹಾಗಾಗಿ ಅವರ ಮನೆ ಮುಂದೆ ನೇತಾಡುವುದು ಪ್ಲಾಸ್ಟಿಕ್ಕಿನ ಕೆಂಪು ಪಟಾಕಿ ಸರ. ಸದ್ದಿಲ್ಲ, ಹೊಗೆಯಿಲ್ಲ.

ಮುಂದಿನ ಸಲ ನ್ಯೆನ್ ಕಥೆ ಹಾಕಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಆ ಬಿದಿರಿನ ಕಥೆಗೂ ನಾಲ್ಕು ಸಾಲು ಜಾಗ ಕೊಡಿ. ಫೋಟೊ ಮಾತ್ರ ಸರಿಯಾದದ್ದು ಹಾಕಿ.

– ಸಿಂಗಪುರದಿಂದ ನಿಮ್ಮ ಓದುಗ