ತಾಯಿಯ ಹೆಸರನ್ನೂ ಬರೆದುಕೋ

ಚಿ. ಕು. ಮೇಘನಾಳಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾನೂ ದೊಡ್ಡಮ್ಮನೂ ನ್ಯೂಜೆರ್ಸಿಯಲ್ಲಿ ಕ್ಷೇಮ. ನಿನ್ನ ಕಾಗದ ಬಂತು. ಕೆಂಟಕಿಯ ಚಳಿ ಅಭ್ಯಾಸವಾಯಿತು, ಮರಿ ಹಾಕುವ ಕುದುರೆಗಳನ್ನು ಕಾಯುವ ರಾತ್ರಿಪಾಳಿಯೂ ಹಿಡಿಸಿತು ಅಂತ ಓದಿ ಇಬ್ಬರಿಗೂ ಸಂತೋಷವಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ‘ವಂಶಾವಳಿ ಉರು ಹೊಡೆಯೋಕೆ ಹೇಳಿದ್ದಾರೆ ದೊಡ್ಡಪ್ಪ, ಬರೀ ಹೆಸರಿನ ಪಟ್ಟಿ, ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ತಲೆಗೇ ಹೋಗುತ್ತಿಲ್ಲ’ ಅಂತ. ಆ ಸಾಲಿಗೋಸ್ಕರವೇ ಈ ಕಾಗದ.

ನಮ್ಮಲ್ಲಿ ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತಾರೆ. ಕುದುರೆಯವರು ಮೊದಲು ಕೇಳುವುದೇ ಮೂಲವನ್ನು. ನನ್ನ ತಾತ, ಅಂದರೆ ನಿನ್ನ ಮುತ್ತಾತ, ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು ಅಂತ ನಿನಗೆ ಗೊತ್ತು. ಅವರ ಕುದುರೆಯ ಹೆಸರು ಗೌರಿ. ಕೊಳ್ಳುವಾಗ ತಾತ ಸುಳಿ ನೋಡಿದ್ದರಂತೆ, ಹಲ್ಲು ನೋಡಿದ್ದರಂತೆ, ಗೊರಸು ತಟ್ಟಿ ನೋಡಿದ್ದರಂತೆ. ಅದರ ತಾಯಿ ಯಾವುದು ಅಂತ ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಇರಲಿಲ್ಲ. ಬೆಳಿಗ್ಗೆ ಹುರುಳಿ ಬೇಯುವ ವಾಸನೆ, ಆಮೇಲೆ ಕಲ್ಲುರಸ್ತೆಯ ಮೇಲೆ ಗೌರಿಯ ಕುಕ್ಕುಲೋಟದ ಸದ್ದು. ಚಿಕ್ಕಂದಿನಲ್ಲಿ ನನಗೆ ಎಚ್ಚರವಾಗುತ್ತಿದ್ದದ್ದು ಹಾಗೆ.

ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಫ್ರೀಹೋಲ್ಡ್ ಊರಿನ ರೇಸ್ ಕೋರ್ಸಿನ ಪಕ್ಕ ನಡೆದು ಹೋಗುತ್ತಿದ್ದೆ. ಬೇಲಿಯ ಆಚೆಯಿಂದ ಅದೇ ಸದ್ದು ಕೇಳಿತು. ನಿಂತುಬಿಟ್ಟೆ. ಎರಡು ಚಕ್ರದ ಹಗುರವಾದ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಮನುಷ್ಯ, ಮುಂದೆ ಕುದುರೆ. ನಾಗಾಲೋಟಕ್ಕೆ ಬಿಡುವ ಹಾಗಿಲ್ಲ. ನಾಗಾಲೋಟಕ್ಕೆ ಬಿದ್ದರೆ ಲಗಾಮು ಎಳೆದು ಮತ್ತೆ ಹದಕ್ಕೆ ತರಬೇಕು, ಅಷ್ಟರಲ್ಲಿ ಬೇರೆಯವರು ಮುಂದೆ ಹೋಗಿರುತ್ತಾರೆ. ತಾತನೂ ಗೌರಿಗೆ ಅದನ್ನೇ ಹೇಳುತ್ತಿದ್ದರು, ‘ಓಡಬೇಡ, ಹೆಜ್ಜೆ ಹಾಕು’ ಅಂತ. ಅವತ್ತಿನಿಂದ ನಲವತ್ತು ವರ್ಷಕ್ಕೂ ಜಾಸ್ತಿ ನಾನು ಆ ಬೇಲಿಯ ಹತ್ತಿರ ನಿಂತಿದ್ದೇನೆ. 2024ರ ಡಿಸೆಂಬರಿನಲ್ಲಿ ಫ್ರೀಹೋಲ್ಡ್ ಮುಚ್ಚಿತು. ಕೊನೆಯ ದಿನ ಹೋಗಿದ್ದೆ. ಅದರ ಬಗ್ಗೆ ಬರೆಯಲು ಇನ್ನೂ ಮನಸ್ಸು ಬರುತ್ತಿಲ್ಲ.

ಸರಿ, ಪಟ್ಟಿಗೆ ಬರೋಣ. ನಿನ್ನ ಫಾರಂನಲ್ಲಿರುವುದೂ ಇದೇ ಗಾಡಿ ಓಟದ ಕುದುರೆಗಳು, ಸ್ಟ್ಯಾಂಡರ್ಡ್‌ಬ್ರೆಡ್ ಜಾತಿ. ನಿನ್ನ ಫಾರಂನ ಪ್ರತಿಯೊಂದು ಮರಿಯ ಅಪ್ಪನ ಸಾಲನ್ನೂ ಹಿಂದಕ್ಕೆ ಹಿಡಿದುಕೊಂಡು ಹೋದರೆ ಒಂದೇ ಹೆಸರಿಗೆ ಹೋಗಿ ನಿಲ್ಲುತ್ತೀಯ: ಹ್ಯಾಂಬಲ್ಟೋನಿಯನ್. ಹುಟ್ಟಿದ್ದು 1849ರಲ್ಲಿ, ನ್ಯೂಯಾರ್ಕ್ ರಾಜ್ಯದ ಶುಗರ್ ಲೋಫ್ ಅನ್ನುವ ಹಳ್ಳಿಯಲ್ಲಿ. ಜೋನಾಸ್ ಸೀಲಿ ಅನ್ನುವ ರೈತನ ಹತ್ತಿರ ವಿಲಿಯಂ ರಿಸ್ಡಿಕ್ ಅಂತ ಒಬ್ಬ ಆಳು ಕೆಲಸಕ್ಕಿದ್ದ. ಅವನು ತಾಯಿಯನ್ನೂ ಮರಿಯನ್ನೂ ಸೇರಿಸಿ 125 ಡಾಲರಿಗೆ ಕೊಂಡ. ಆಳಿನ ಕೈಯಲ್ಲಿ ಅದು ಸಣ್ಣ ದುಡ್ಡಲ್ಲ. ಆ ಮರಿ ದೊಡ್ಡದಾಗಿ 1,331 ಮರಿಗಳಿಗೆ ತಂದೆಯಾಯಿತು. ಅದನ್ನು ಹೆಣ್ಣು ಕುದುರೆಗೆ ಕೂಡಿಸಲು ಮೊದಲು 25 ಡಾಲರಿದ್ದ ಶುಲ್ಕ ಕೊನೆಗೆ 500 ಡಾಲರಿಗೆ ಹೋಯಿತು. ಆಳಾಗಿದ್ದ ರಿಸ್ಡಿಕ್ ಸಾಹುಕಾರನಾದ. 1876ರಲ್ಲಿ ಕುದುರೆ ತೀರಿಕೊಂಡಿತು. ಪಕ್ಕದ ಚೆಸ್ಟರ್ ಊರಿನಲ್ಲಿ ಅದರ ಸಮಾಧಿಯ ಮೇಲೆ ಕಲ್ಲಿನ ಕಂಬ ನಿಲ್ಲಿಸಿದ್ದಾರೆ. ನಾನೂ ನಿನ್ನ ದೊಡ್ಡಮ್ಮನೂ ಎರಡು ಸಲ ಹೋಗಿ ನೋಡಿಬಂದಿದ್ದೇವೆ.

ಇದೆಲ್ಲ ನಿನ್ನ ಪಟ್ಟಿಯಲ್ಲೂ ಇರುತ್ತದೆ. ಈಗ ಪಟ್ಟಿಯಲ್ಲಿ ನೀನು ಕಣ್ಣು ಹಾಯಿಸಿ ಬಿಟ್ಟುಬಿಡುವ ಕಡೆಗೆ ಬಾ. ಹ್ಯಾಂಬಲ್ಟೋನಿಯನ್ನನ ತಾಯಿ ಯಾರು? ಅವಳಿಗೆ ಹೆಸರೇ ಇಲ್ಲ, ಮಗೂ. ‘ಚಾರ್ಲ್ಸ್ ಕೆಂಟ್ ಮೇರ್’ ಅಂತ ಬರೆದಿದ್ದಾರೆ. ಅಂದರೆ ಚಾರ್ಲ್ಸ್ ಕೆಂಟ್ ಅನ್ನುವವನ ಹೆಣ್ಣು ಕುದುರೆ, ಅಷ್ಟೇ. ಕಾಲು ಊನವಾಗಿತ್ತು. ಅವಳ ತಂದೆ ಇಂಗ್ಲೆಂಡಿನಿಂದ ಬಂದ ಬೆಲ್‌ಫೌಂಡರ್. ಅವಳ ತಾಯಿಯ ಹೆಸರು ‘ಒನ್ ಐ’, ನಮ್ಮ ಮಾತಿನಲ್ಲಿ ಒಕ್ಕಣ್ಣಿ. ಒಕ್ಕಣ್ಣಿಯ ತಾಯಿ ಸಿಲ್ವರ್‌ಟೇಲ್. ಈ ಸಿಲ್ವರ್‌ಟೇಲ್, ಇಂಗ್ಲೆಂಡಿನಿಂದ 1788ರಲ್ಲಿ ಹಡಗಿನಲ್ಲಿ ಬಂದ ಮೆಸೆಂಜರ್ ಅನ್ನುವ ಬೂದು ಕುದುರೆಯ ಮಗಳು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಕುಣಿಗಲ್ ಫಾರಂನಲ್ಲಿ ಥರೋಬ್ರೆಡ್, ಅಂದರೆ ಜಾಕಿ ಹತ್ತಿ ಓಡಿಸುವ ರೇಸಿನ ಕುದುರೆ, ನೋಡಿದ್ದೆಯಲ್ಲ, ಮೆಸೆಂಜರ್ ಅದೇ ಜಾತಿ. ಹ್ಯಾಂಬಲ್ಟೋನಿಯನ್ನನ ತಂದೆ ಅಬ್ದುಲ್ಲಾ ಮೆಸೆಂಜರನ ಮೊಮ್ಮಗ. ಅಂದರೆ ತಂದೆಯ ಕಡೆಯಿಂದ ಬಂದ ರಕ್ತವೇ ತಾಯಿಯ ಕಡೆಯಿಂದಲೂ ಬಂತು. ಒಂದು ಕಣ್ಣಿಲ್ಲದವಳು, ಒಂದು ಕಾಲು ಸರಿಯಿಲ್ಲದವಳು, ಇವರಿಬ್ಬರು ಅದನ್ನು ಹೊತ್ತು ತಂದರು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂತ ನಿನ್ನಜ್ಜಿ ಹೇಳುತ್ತಿದ್ದಳು. ಇಲ್ಲಿ ಮಗನಿಗೂ ಅದು ನಿಜ.

ಅಬ್ದುಲ್ಲಾನ ಕಥೆ ಕೇಳಿದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಮುದಿಯಾದ ಮೇಲೆ ಅದನ್ನು ಮೀನು ಮಾರುವವನಿಗೆ ಗಾಡಿ ಎಳೆಯಲು ಮಾರಿದರಂತೆ. ಅದು ಗಾಡಿಯನ್ನು ಒದ್ದು ಪುಡಿಮಾಡಿತು, ಆಮೇಲೆ ಲಾಂಗ್ ಐಲೆಂಡಿನ ಸಮುದ್ರತೀರದಲ್ಲಿ ಬಿಟ್ಟುಬಿಟ್ಟರು, ಹಸಿವಿನಿಂದ ಸತ್ತಿತು ಅಂತ ಹೇಳುತ್ತಾರೆ. ಮಗನಿಗೆ ಕಲ್ಲಿನ ಕಂಬ, ತಂದೆಗೆ ಹಿಡಿ ಹುಲ್ಲೂ ಇಲ್ಲ.

ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಪುಸ್ತಕ ಅಲ್ಲ. ಫ್ರೀಹೋಲ್ಡಿನ ಲಾಯದಲ್ಲಿ ಒಬ್ಬರು ಹಿರಿಯರು ಕೆಲಸಕ್ಕಿದ್ದರು. ಕುದುರೆಗಳ ಕಾಲು ಉಜ್ಜುವುದು, ಪಟ್ಟಿ ಕಟ್ಟುವುದು ಅವರ ಕೆಲಸ. ಇದು ಯಾವ ಕುದುರೆ ಅಂತ ನಾನು ಕೇಳಿದರೆ ಅವರು ತಂದೆಯ ಹೆಸರು ಹೇಳುತ್ತಲೇ ಇರಲಿಲ್ಲ. ‘ಇದರ ತಾಯಿ ಕೆಸರಿನಲ್ಲಿ ಚೆನ್ನಾಗಿ ಓಡುತ್ತಿದ್ದಳು. ಅವಳ ತಾಯಿಗೆ ಗುಡುಗು ಅಂದರೆ ಭಯ. ಮಳೆಗಾಲದಲ್ಲಿ ಇದರ ಹತ್ತಿರ ಯಾರಾದರೂ ನಿಂತಿರಬೇಕು’ ಅನ್ನುತ್ತಿದ್ದರು. ಮೂರು ತಲೆಮಾರು ಅವರ ಬೆರಳ ತುದಿಯಲ್ಲಿತ್ತು. ನಾನು ಹತ್ತು ವರ್ಷ ಕೇಳಿದೆ, ಒಂದೇ ಒಂದು ಸಾಲು ಬರೆದುಕೊಳ್ಳಲಿಲ್ಲ. ನಾಳೆ ಬರೆದುಕೊಂಡರಾಯಿತು ಅಂದುಕೊಂಡೆ. ಒಂದು ಚಳಿಗಾಲ ಅವರು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಆ ತಾಯಂದಿರ ಮುಕ್ಕಾಲು ಪಾಲು ಕಥೆ ಅವರ ಜೊತೆಗೇ ಹೋಯಿತು.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ನಿನ್ನ ಅಪ್ಪನಿಗೂ ಇದು ಪೂರ್ತಿ ಗೊತ್ತಿಲ್ಲ. ನಾವು ನಾಲ್ಕು ಜನ ಸ್ನೇಹಿತರು ದುಡ್ಡು ಸೇರಿಸಿ ಹರಾಜಿನಲ್ಲಿ ಒಂದು ವರ್ಷದ ಮರಿ ಕೊಂಡೆವು. ತಂದೆ ದೊಡ್ಡ ಹೆಸರಿನ ಕುದುರೆ. ಕಾಗದದಲ್ಲಿ ಆ ಹೆಸರು ನೋಡಿದ್ದೇ ನನ್ನ ಕೈ ಮೇಲೆ ಹೋಯಿತು. ಮರಿಯನ್ನು ಲಾಯದಿಂದ ಹೊರಗೆ ಕರೆಸಿ ನಡೆಸಿ ನೋಡಲಿಲ್ಲ. ತಾಯಿಯ ಪುಟವನ್ನು ಓದಲಿಲ್ಲ. ಮನೆಗೆ ತಂದ ಮೇಲೆ ಆ ಹಿರಿಯರು ಬಗ್ಗಿ ಮೊಣಕಾಲು ಮುಟ್ಟಿ, ‘ಇದು ತಾಯಿಯ ಮೊಣಕಾಲು’ ಅಂದರು. ಅಷ್ಟೇ. ಎರಡು ವರ್ಷ ಔಷಧಿ, ಪಟ್ಟಿ, ಖರ್ಚು. ಒಂದು ಓಟವೂ ಗೆಲ್ಲಲಿಲ್ಲ. ತಪ್ಪು ಮರಿಯದಲ್ಲ, ನನ್ನದು. ತಾತ ಸುಳಿ ನೋಡಿ, ಗೊರಸು ತಟ್ಟಿ ಕೊಂಡವರು. ಅವರ ಮೊಮ್ಮಗ ಕಾಗದ ನೋಡಿ ಕೊಂಡ.

ಅದಕ್ಕೇ ಹೇಳುತ್ತೇನೆ, ಉರು ಹೊಡೆಯಬೇಡ, ಆದರೆ ಬಿಡಲೂ ಬೇಡ. ಇವತ್ತಿನ ಪೇಸರ್‌ಗಳಲ್ಲಿ, ಅಂದರೆ ಪೇಸ್ ಅನ್ನುವ ನಡಿಗೆಯ ಗಾಡಿ ಕುದುರೆಗಳಲ್ಲಿ, ಹೆಚ್ಚಿನವು 1960ರಲ್ಲಿ ಹುಟ್ಟಿದ ಮೆಡೋ ಸ್ಕಿಪ್ಪರನ ಸಾಲಿನವು. ಅವನ ಮಗ ಆಲ್ಬಟ್ರಾಸ್, ಆಲ್ಬಟ್ರಾಸನ ಮಗ ನಿಯಾಟ್ರಾಸ್. ನಿಯಾಟ್ರಾಸನನ್ನು ನಾನು ಕಣ್ಣಾರೆ ನೋಡಿದ್ದೇನೆ, 1980ರಲ್ಲಿ, ಮೆಡೋಲ್ಯಾಂಡ್ಸ್‌ನಲ್ಲಿ. ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಮುಂದೆ ಹೋಗುವ ಆ ಪೇಸ್ ನಡಿಗೆಯಲ್ಲಿ ಕುದುರೆಯ ಮೈ ದೋಣಿಯ ಹಾಗೆ ತೂಗುತ್ತದೆ. ಅವನ ಮೈ ತೂಗಲೇ ಇಲ್ಲ, ತೇಲಿಕೊಂಡು ಹೋದ. ಅದೇ ವರ್ಷ ಜುಲೈನಲ್ಲಿ ಸಾರಟೋಗದಲ್ಲಿ ಓಟದ ಮಧ್ಯೆ ಒಳಬೇಲಿಯ ಮೇಲೆ ಉರುಳಿ ಬಿದ್ದ. ಮೊದಲ ಸೋಲು. ಅಕ್ಟೋಬರಿನಲ್ಲಿ ನಿನ್ನ ಲೆಕ್ಸಿಂಗ್‌ಟನ್ನಿನಲ್ಲೇ, ರೆಡ್ ಮೈಲ್ ಟ್ರ್ಯಾಕಿನಲ್ಲಿ, ಒಂದು ಮೈಲಿಯನ್ನು 1 ನಿಮಿಷ 49 ಸೆಕೆಂಡು ಚಿಲ್ಲರೆಯಲ್ಲಿ ಮುಗಿಸಿದ. ಅಲ್ಲಿಯವರೆಗೆ ಯಾವ ಗಾಡಿ ಕುದುರೆಯೂ 1 ನಿಮಿಷ 50 ಸೆಕೆಂಡಿನ ಒಳಗೆ ಬಂದಿರಲಿಲ್ಲ. 39 ಓಟದಲ್ಲಿ 37 ಗೆದ್ದ. ರಜೆ ಸಿಕ್ಕ ದಿನ ಆ ಟ್ರ್ಯಾಕಿನ ಹತ್ತಿರ ಹೋಗಿ ಸುಮ್ನೆ ನಿಂತು ಬಾ. ಅವನ ತಾಯಿಯ ಹೆಸರು ನಯಾಗರಾ ಡ್ರೀಮ್. ಅದನ್ನೂ ಬರೆದುಕೋ.

ಗಂಡು ಸಾಲು ಎಲ್ಲಕ್ಕೂ ಹೀಗೆ ಒಂದೇ ಕಡೆ ಹೋಗುವಾಗ, ಒಂದು ಮರಿ ಇನ್ನೊಂದರಿಂದ ಬೇರೆಯಾಗಿ ಕಾಣುವುದು ಜಾಸ್ತಿ ತಾಯಿಯ ಕಡೆಯಿಂದಲೇ ಅಲ್ವಾ? ಥರೋಬ್ರೆಡ್‌ನವರ ಹಾಗಲ್ಲ, ಇವುಗಳಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆ ಇದೆ. ಎಷ್ಟೋ ಮರಿಗಳ ತಂದೆ ಆ ಫಾರಂಗೆ ಕಾಲೇ ಇಟ್ಟಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಹುಲ್ಲಿನ ಮೇಲೆ ಬೆವೆತು ಮಲಗಿರುವವಳು ತಾಯಿ. ಪಕ್ಕದಲ್ಲಿ ಮಂಡಿಯೂರಿ ಕೂತವಳು ನೀನು.

ಕಾಗದದಲ್ಲಿ ಕಾಣದವರು ಇನ್ನೂ ಇದ್ದಾರೆ. ಮಕ್ಕಳಿಲ್ಲದವರು. ಗ್ರೇಹೌಂಡ್ ಅನ್ನುವ ಬೂದು ಟ್ರಾಟರ್, ಅಂದರೆ ಕುಕ್ಕುಲೋಟದ ಕುದುರೆ, 1932ರಲ್ಲಿ ಹುಟ್ಟಿತು. ಬೀಜ ತೆಗೆದ ಕುದುರೆ. ಹರಾಜಿನಲ್ಲಿ 900 ಡಾಲರಿಗೆ ಹೋಯಿತು. 1938ರಲ್ಲಿ ಒಂದು ಮೈಲಿಯನ್ನು 1 ನಿಮಿಷ 55¼ ಸೆಕೆಂಡಿನಲ್ಲಿ ಓಡಿತು, ಆ ದಾಖಲೆ 1969ರವರೆಗೆ ನಿಂತಿತ್ತು. ನೀನು ಎಷ್ಟು ವಂಶಾವಳಿ ತಿರುಗಿಸಿದರೂ ತಂದೆಯ ಜಾಗದಲ್ಲಿ ಅದರ ಹೆಸರು ಸಿಗುವುದಿಲ್ಲ. ನ್ಯೂಜಿಲೆಂಡಿನ ಕಾರ್ಡಿಗನ್ ಬೇ ಕೂಡ ಹಾಗೆಯೇ. ಸೊಂಟದ ಮೂಳೆಗೆ ಪೆಟ್ಟು ಬಿದ್ದು ಕೆಲಸ ಮುಗಿಯಿತು ಅಂದುಕೊಂಡಿದ್ದ ಕುದುರೆ, 1968ರಲ್ಲಿ ಇದೇ ನಮ್ಮ ಫ್ರೀಹೋಲ್ಡಿನಲ್ಲಿ ಗೆದ್ದು, ಹತ್ತು ಲಕ್ಷ ಡಾಲರ್ ಗಳಿಸಿದ ಮೊದಲ ಗಾಡಿ ಕುದುರೆಯಾಯಿತು.

ಡ್ಯಾನ್ ಪ್ಯಾಚ್ ಬಗ್ಗೆ ಚಿಕ್ಕವಳಿದ್ದಾಗ ನಿನಗೆ ಹೇಳಿದ್ದೆ, ನೆನಪಿದೆಯಾ? 1896ರಲ್ಲಿ ಇಂಡಿಯಾನಾದಲ್ಲಿ ಸೊಟ್ಟ ಕಾಲಿನ ಮರಿಯಾಗಿ ಹುಟ್ಟಿದ. 1902ರಲ್ಲಿ ಮಿನಿಯಾಪೊಲಿಸ್‌ನ ಸ್ಯಾವೇಜ್ ಅನ್ನುವವರು 60,000 ಡಾಲರ್ ಕೊಟ್ಟು ಕೊಂಡರು. ಇವನ ದಾಖಲೆಯೂ 1 ನಿಮಿಷ 55¼ ಸೆಕೆಂಡೇ, ಆದರೆ ಪೇಸ್‌ನಲ್ಲಿ, 1905ರಲ್ಲಿ. ಊರಿಗೆ ಊರೇ ಇವನನ್ನು ನೋಡಲು ಬರುತ್ತಿತ್ತು. ಬೀಜದ ಕುದುರೆಯಾಗಿ ಮಾತ್ರ ಹೆಸರು ಮಾಡಲಿಲ್ಲ. ವಂಶಾವಳಿಯಷ್ಟೇ ನಂಬಿದರೆ ಇವನು ಸಣ್ಣವನು. 1916ರ ಜುಲೈ 11ರಂದು ಸತ್ತ. ಮಾರನೆಯ ದಿನವೇ ಸ್ಯಾವೇಜ್ ಕೂಡ ತೀರಿಕೊಂಡರು.

ಹೆಣ್ಣು ಕುದುರೆಗಳು ಬರೀ ತಾಯಂದಿರು ಅಂತಲೂ ತಿಳಿಯಬೇಡ. ಗೋಲ್ಡ್‌ಸ್ಮಿತ್ ಮೇಡ್ ಹ್ಯಾಂಬಲ್ಟೋನಿಯನ್ನನ ಮೊಮ್ಮಗಳು. 1874ರಲ್ಲಿ 2 ನಿಮಿಷ 14 ಸೆಕೆಂಡಿನ ದಾಖಲೆ ಮಾಡಿದಾಗ ಅವಳಿಗೆ 17 ವರ್ಷ. ಆ ವಯಸ್ಸಿಗೆ ಎಷ್ಟೋ ಕುದುರೆಗಳು ಹುಲ್ಲುಗಾವಲಿನಲ್ಲಿ ಮಲಗಿರುತ್ತವೆ. ನನ್ನ ಕಾಲದಲ್ಲಿ ಮೋನಿ ಮೇಕರ್. 1999ರಲ್ಲಿ ಪ್ಯಾರಿಸ್ಸಿನ ಪ್ರಿ ದಮೆರಿಕ್ ಅನ್ನುವ ದೊಡ್ಡ ಕುಕ್ಕುಲೋಟದ ಪಂದ್ಯ ಗೆದ್ದವಳು. 2000ದಲ್ಲಿ ಜೂಲಿ ಕ್ರೋನ್ ಅನ್ನುವ ಹೆಸರಾಂತ ಜಾಕಿ ಅವಳ ಬೆನ್ನ ಮೇಲೆ ಕೂತು ಅದೇ ರೆಡ್ ಮೈಲ್‌ನಲ್ಲಿ ಒಂದು ಮೈಲಿಯನ್ನು 1 ನಿಮಿಷ 54 ಸೆಕೆಂಡು ಚಿಲ್ಲರೆಯಲ್ಲಿ ಓಡಿಸಿದಳು. ಓಡಿಸಿದವಳೂ ಹೆಣ್ಣು, ಓಡಿದವಳೂ ಹೆಣ್ಣು.

ನೀನು ಓದಿದವಳು, ಡಿಎಂಆರ್‌ಟಿ3 ಜೀನಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 2012ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದನ್ನು ತೋರಿಸಿಕೊಟ್ಟರು. ಒಂದು ಸಣ್ಣ ಬದಲಾವಣೆ, ಅದರಿಂದ ಕುದುರೆ ಜೋರಾಗಿ ಹೋಗುವಾಗಲೂ ನಾಗಾಲೋಟಕ್ಕೆ ಬೀಳದೆ ನಡಿಗೆ ಹಿಡಿಯುತ್ತದೆ. ಓದಿದಾಗ ನನಗೆ ತುಂಬ ಖುಷಿಯಾಯಿತು. 1879ರಲ್ಲಿ, ಮೈಲಿಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಓಡುವ ಟ್ರಾಟರ್ ವಂಶಾವಳಿಯ ಪುಸ್ತಕಕ್ಕೆ ಸೇರಬಹುದು ಅಂತ ಒಂದು ‘ಸ್ಟ್ಯಾಂಡರ್ಡ್’ ಇಟ್ಟರು, ಸ್ಟ್ಯಾಂಡರ್ಡ್‌ಬ್ರೆಡ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಕೈಯಲ್ಲಿ ಗಡಿಯಾರ ಹಿಡಿದುಕೊಂಡೇ ಅವರು ಆ ಜೀನನ್ನು ಆರಿಸುತ್ತಿದ್ದರು. ಆದರೆ ಗುಡುಗಿಗೆ ಹೆದರುವವಳು ಯಾರು ಅಂತ ಯಾವ ಪರೀಕ್ಷೆಯೂ ನಿನಗೆ ಹೇಳುವುದಿಲ್ಲ. ಲಾಯದಲ್ಲಿ ಕೆಲಸ ಮಾಡುವವರು ಹೇಳುತ್ತಾರೆ. ಅವರ ಜೊತೆ ಟೀ ಕುಡಿ. ಡಾಕ್ಟರ್ ಅಂತ ದೂರ ನಿಲ್ಲಬೇಡ. ಅವರು ಹೇಳಿದ್ದನ್ನು ಅವತ್ತೇ ಬರೆದಿಡು, ನನ್ನ ಹಾಗೆ ನಾಳೆಗೆ ಇಡಬೇಡ.

ಒಂದು ನೋಟ್‌ಬುಕ್ ಕಳಿಸುತ್ತಿದ್ದೇನೆ, ಗಟ್ಟಿ ರಟ್ಟಿನದು. ಮೊದಲ ಪುಟದಲ್ಲಿ ನನಗೆ ನೆನಪಿರುವ ಏಳು ಹೆಣ್ಣು ಕುದುರೆಗಳ ಹೆಸರು ಬರೆದಿದ್ದೇನೆ, ಆ ಹಿರಿಯರ ಬಾಯಿಂದ ಕೇಳಿದವು. ಎಂಟನೆಯದು ಗೌರಿ. ಅವಳ ತಾಯಿಯ ಜಾಗ ಖಾಲಿ ಬಿಟ್ಟಿದ್ದೇನೆ. ಪಾರ್ಸೆಲ್ಲಿನಲ್ಲಿ ದೊಡ್ಡಮ್ಮ ಇಟ್ಟ ಚಟ್ನಿಪುಡಿಯೂ ಇದೆ, ಡಬ್ಬಿ ಸರಿಯಾಗಿ ಮುಚ್ಚಿಡು.

ಮೊನ್ನೆ ಮರಿ ಹಾಕುವಾಗ ನಿನ್ನ ಭುಜದ ಮೇಲೆ ತಲೆ ಇಟ್ಟಿತು ಅಂತ ಬರೆದೆಯಲ್ಲ, ಆ ಮುದಿ ಕುದುರೆಯ ಹೆಸರು ಬರೆಯಲೇ ಇಲ್ಲ. ಹೆಸರೇನು? ಅವಳ ತಾಯಿ ಯಾರು? ಕೇಳಿ ತಿಳಿದು ಬರೆ. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ