ವಾಷಿಂಗ್ಟನ್ ಅಂದ್ರೆ ಬಟ್ಟೆ ಒಗೆಯೋ ಊರಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಆ ಫಾರ್ವರ್ಡ್ ಮೂರು ಸಲ ಬಂದಿದೆ, ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆತನದವರು ಮೊದಲು ಅಗಸರಂತೆ, ಅದಕ್ಕೇ ಆ ಹೆಸರಂತೆ. ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ, ಅದು ಸುಳ್ಳು.

ವಾಷಿಂಗ್ಟನ್ ಅನ್ನೋದು ಇಂಗ್ಲೆಂಡಿನ ಉತ್ತರದಲ್ಲಿ ಡರ್ಹಮ್ ಹತ್ತಿರ ಇರುವ ಊರು. ಹಳೆ ಇಂಗ್ಲಿಷಿನಲ್ಲಿ 'ಟೂನ್' ಅಂದರೆ ಬೇಲಿ ಹಾಕಿದ ಹೊಲಮನೆ. ವಾಷಿಂಗ್ಟನ್ ಅಂದರೆ ಹ್ವಾಸ ಅನ್ನುವವನ ಕಡೆಯವರ ಹೊಲಮನೆ, ಅಷ್ಟೇ. ಒಗೆಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಊರು ಅಡ್ಡಹೆಸರಾದ ಕಥೆ ಚೆನ್ನಾಗಿದೆ. ಡರ್ಹಮ್ ಬಿಷಪ್ ತನ್ನ ಜಮೀನಿನ ಲೆಕ್ಕ ಬರೆಸಿದ 1183ರ ಬೋಲ್ಡನ್ ಬುಕ್‌ನಲ್ಲಿ ಹರ್ಟ್‌ಬರ್ನ್ ಊರಿನ ವಿಲಿಯಂ ತನ್ನ ಊರು ಬಿಟ್ಟುಕೊಟ್ಟು ಬದಲಿಗೆ ವಾಷಿಂಗ್ಟನ್ ತಗೊಂಡ ಅಂತ ಇದೆ. ಗುತ್ತಿಗೆ 4 ಪೌಂಡು, ಜೊತೆಗೆ ಬಿಷಪ್ ಬೇಟೆಗೆ ಹೊರಟಾಗ 4 ಗ್ರೇಹೌಂಡ್ ನಾಯಿ ಕರ್ಕೊಂಡು ಹೋಗಬೇಕು! (ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗಿದ್ದು ಈ ನಾಯಿಗಳೇ.) ಊರು ಬದಲಾಯಿತು, ಹೆಸರೂ ಬದಲಾಯಿತು.

ಆಮೇಲೆ ಈ ವಂಶದ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ 1539ರಲ್ಲಿ ಇಂಗ್ಲೆಂಡಿನ ಸಲ್‌ಗ್ರೇವ್‌ನಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದ. ಅವನ ವಂಶದ ಜಾನ್ 1650ರ ದಶಕದಲ್ಲಿ ಅಮೆರಿಕದ ವರ್ಜೀನಿಯಾಕ್ಕೆ ಹೋದ. ಅವನ ಮರಿಮಗನೇ ಜಾರ್ಜ್. ಮನೆತನದ ಲಾಂಛನದಲ್ಲಿದ್ದ ಮೂರು ನಕ್ಷತ್ರ, ಎರಡು ಪಟ್ಟಿ ಈಗಲೂ ಅಮೆರಿಕದ ರಾಜಧಾನಿಯ ಬಾವುಟದ ಮೇಲಿವೆ, ನೋಡಿ.

ಅಡ್ಮಿನ್‌ಗಳೇ, ಆ ಫಾರ್ವರ್ಡ್ ಡಿಲೀಟ್ ಮಾಡಿಬಿಡಿ.